ಹನ್ನೆರಡನೆಯ ಸಂಚಿಕೆ

ಕನ್ನಡ ಮೇಷ್ಟರಾದವನು ಚಿತ್ರದ ಪುಸ್ತಕ ಓದುತ್ತ ಕುಳಿತರೆ ಕಂಡವರು ಏನೆಂದುಕೊಂಡಾರು? ಮನೆಯಲ್ಲಾದರೆ ಚಿಂತೆಯಿಲ್ಲ. ನಾನು ಸಿಕ್ಕಿಬಿದ್ದದ್ದು ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ. ಮುಂದೆ ಉತ್ತರಪತ್ರಿಕೆಗಳ ಕಟ್ಟು, ಅದರ ಮರೆಯಲ್ಲಿ ದಪ್ಪನೆಯ ಬಣ್ಣದ ಪುಸ್ತಕ. ಇತಿಹಾಸದ ಮೇಷ್ಟರು ಹಿಂದಿನಿಂದ ಬಂದು ಬಗ್ಗಿ ನೋಡಿ, "ಏನ್ರೀ ಇದು, ನೀಲಿ ಮನುಷ್ಯ ಬಟ್ಟೆಯಿಲ್ಲದೆ ನಿಂತಿದಾನೆ!" ಎಂದು ಗಟ್ಟಿಯಾಗಿ ಕೇಳಿದರು. ಕೊಠಡಿಯಲ್ಲಿದ್ದ ಏಳು ಜನವೂ ತಿರುಗಿ ನೋಡಿದರು. ಆತ ಭೌತವಿಜ್ಞಾನಿ, ಪ್ರಯೋಗಾಲಯದ ಅಪಘಾತದಲ್ಲಿ ಹಾಗಾದ ಎಂದು ವಿವರಿಸಹೊರಟೆ. ವಿವರಿಸಿದಷ್ಟೂ ನನ್ನ ಸ್ಥಿತಿ ಕೆಡುತ್ತ ಹೋಯಿತು.

ಪುಸ್ತಕ ನನ್ನದಲ್ಲ, ನನ್ನ ವಿದ್ಯಾರ್ಥಿಯದು. ಅದಕ್ಕೆ ಹಿಂದಿನ ವಾರ ತರಗತಿಯಲ್ಲಿ, ಕುಮಾರವ್ಯಾಸನು ಭಾರತವನ್ನು ಹತ್ತೇ ಪರ್ವಗಳಿಗೆ ನಿಲ್ಲಿಸಿದ್ದನ್ನೂ, ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರೈಸಿದ್ದನ್ನೂ ಹೇಳುತ್ತಿದ್ದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿದವನೇ ಕವಿ ಎಂದು, ನನ್ನದೇ ಮಾತು ಎಂಬ ಗತ್ತಿನಿಂದ, ಒಂದು ವಾಕ್ಯವನ್ನೂ ಸೇರಿಸಿದೆ. ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಂದು, "ಸಾರ್, ನಿಲ್ಲಿಸಬಾರದ ಕಡೆ ನಿಲ್ಲಿಸಿರೋ ಪುಸ್ತಕ ಒಂದಿದೆ ನನ್ನ ಹತ್ತಿರ. ಮೂರು ಸಲ ಓದಿದೀನಿ. ಮೂರು ಸಲಾನೂ ಸಿಟ್ಟು ಬಂತು. ತಂದುಕೊಡ್ಲಾ?" ಎಂದ. ನಾವು ಇಟ್ಟ ಪಠ್ಯಪುಸ್ತಕವನ್ನು ಒಂದು ಸಲ ಓದಿ ಸಿಟ್ಟಾದ ಹುಡುಗನನ್ನೂ ನಾನು ಈವರೆಗೆ ಕಂಡಿಲ್ಲ. ಮೂರು ಸಲ ಸಿಟ್ಟು ಬರಿಸಿದ ಪುಸ್ತಕವನ್ನು ಬಿಡುವುದುಂಟೆ?

ಹೆಸರು 'ವಾಚ್‌ಮೆನ್'. ನನ್ನಾಕೆ ಹೊದಿಕೆಯನ್ನು ನೋಡಿ, "ಇದೇನ್ರೀ, ಅಪಾರ್ಟ್‌ಮೆಂಟಿನ ವಾಚ್‌ಮನ್‌ಗಳ ಮೇಲೂ ಪುಸ್ತಕ ಬಂತೇ?" ಎಂದಳು. ಕಾವಲುಗಾರರ ಕಥೆಯೆಂಬುದೇನೋ ನಿಜ. ಆದರೆ ಇವರು ಗೇಟಿನ ಬಳಿ ಸ್ಟೂಲು ಹಾಕಿಕೊಂಡು ಕೂರುವವರಲ್ಲ. ಮುಖಕ್ಕೆ ಮುಸುಕು, ಮೈಗೆ ವೇಷ ತೊಟ್ಟು ರಾತ್ರಿಯ ಹೊತ್ತು ಕಳ್ಳಕಾಕರನ್ನು ಹಿಡಿಯುವ ಸ್ವಯಂಸೇವಕರು. ಬರೆದವರು ಇಂಗ್ಲೆಂಡಿನ ಆಲನ್ ಮೂರ್, ಚಿತ್ರಗಳು ಡೇವ್ ಗಿಬನ್ಸ್ ಅವರವು, ಬಣ್ಣ ತುಂಬಿದವರು ಜಾನ್ ಹಿಗಿನ್ಸ್. ಅಮೆರಿಕದ ಡಿ.ಸಿ. ಕಾಮಿಕ್ಸ್‌ನವರು 1986-87ರಲ್ಲಿ ಇದನ್ನು 12 ಬಿಡಿ ಸಂಚಿಕೆಗಳಾಗಿ ಹೊರತಂದರು. ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ 1988ರಲ್ಲಿ ಇದಕ್ಕೆ ಬಂತು. ಇಷ್ಟು ಹೇಳಿದರೆ ಇತಿಹಾಸದ ಮೇಷ್ಟರಿಗೆ ಸಮಾಧಾನವಾದೀತು.

ಕಥೆಯ ಕೊನೆಯನ್ನು ಮೊದಲೇ ಹೇಳಬಾರದೆಂಬ ಶಿಷ್ಟಾಚಾರ ಈಚೆಗೆ ಬಲವಾಗಿದೆ. ಆದರೆ ನನ್ನ ಜಗಳವೆಲ್ಲ ಕೊನೆಯೊಂದಿಗೇ. ಆದುದರಿಂದ ಈ ಪುಸ್ತಕವನ್ನು ಮುಂದೆಂದಾದರೂ ಓದಬೇಕೆಂಬ ಆಸೆಯುಳ್ಳವರು ಇಲ್ಲಿಗೆ ಬಿಟ್ಟು ಪದಬಂಧಕ್ಕೆ ಹೋಗಬಹುದು.

ಕಥೆ ನಡೆಯುವುದು 1985ರಲ್ಲಿ. ಆದರೆ ನಮ್ಮ 1985 ಅಲ್ಲ. ಅಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಗೆದ್ದಿದೆ, ನಿಕ್ಸನ್ ಇನ್ನೂ ಅಧ್ಯಕ್ಷನಾಗಿಯೇ ಇದ್ದಾನೆ. ಗೆಲ್ಲಿಸಿದವನು ಮೇಲೆ ಹೇಳಿದ ನೀಲಿ ಮನುಷ್ಯ, ಡಾಕ್ಟರ್ ಮ್ಯಾನ್‌ಹ್ಯಾಟನ್. ಅವನಿಗೆ ಭೂತ ಭವಿಷ್ಯತ್ತುಗಳೆರಡೂ ವರ್ತಮಾನದಷ್ಟೇ ಸ್ಪಷ್ಟ. ಅದರಿಂದಾಗಿ ಯಾವುದರಲ್ಲೂ ಆಸಕ್ತಿಯಿಲ್ಲ. ಉಳಿದ ವೇಷಧಾರಿಗಳನ್ನು 1977ರಲ್ಲೇ ಕಾನೂನು ಮಾಡಿ ಮನೆಗೆ ಕಳಿಸಿದ್ದಾರೆ. ಅವರಲ್ಲಿ ಬ್ಲೇಕ್ ಎಂಬೊಬ್ಬನನ್ನು ಯಾರೋ ಮಹಡಿಯ ಕಿಟಕಿಯಿಂದ ಎಸೆದು ಕೊಲ್ಲುತ್ತಾರೆ. ರೋರ್ಷಾಕ್ ಎಂಬವನು ಕಾನೂನಿಗೆ ಸೊಪ್ಪುಹಾಕದೆ ತನಿಖೆಗೆ ಹೊರಡುತ್ತಾನೆ. ಅವನ ಮುಸುಕಿನ ಮೇಲೆ ಶಾಯಿಯ ಕಲೆ ಗಳಿಗೆಗೊಂದು ಆಕಾರ ತಾಳುತ್ತದೆ. ಅವನ ಬುದ್ಧಿ ಮಾತ್ರ ಎಂದೂ ಆಕಾರ ಬದಲಿಸುವುದಿಲ್ಲ. ಬಿಳಿ ಎಂದರೆ ಬಿಳಿ, ಕಪ್ಪು ಎಂದರೆ ಕಪ್ಪು. ಜೊತೆಗೆ ದಿನಚರಿ ಬರೆಯುವ ಚಟ.

ಓದುವುದು ನನಗೆ ಸುಲಭವಾಗಲಿಲ್ಲ. ಅಕ್ಷರ ಕಂಡರೆ ಓದುವುದು, ಚಿತ್ರ ಕಂಡರೆ ಮಗುಚುವುದು ನನ್ನ ವೃತ್ತಿಯ ಅಭ್ಯಾಸ. ಪುಟಕ್ಕೆ ಒಂಬತ್ತು ಚೌಕ. ನಾನು ಮಾತುಗಳನ್ನಷ್ಟೇ ನುಂಗುತ್ತ ಓಡುತ್ತಿದ್ದೆ. ನಮ್ಮಾಕೆ ಪಕ್ಕದಲ್ಲಿ ಬಟಾಣಿ ಸುಲಿಯುತ್ತ, "ಪ್ರಳಯ ಬಂತು ಅಂತ ಫಲಕ ಹಿಡಿದುಕೊಂಡು ಓಡಾಡ್ತಾನಲ್ಲ, ಕೆಂಪು ಕೂದಲಿನವನು, ಅವನು ಯಾರು?" ಎಂದಳು. ಅಂಥವನನ್ನು ನಾನು ನೋಡಿಯೇ ಇರಲಿಲ್ಲ. ತಿರುಗಿ ಹಾಕಿದರೆ ಮೊದಲ ಪುಟದಿಂದಲೂ ಅವನಿದ್ದಾನೆ. ಐದನೆಯ ಸಂಚಿಕೆಯ ಕೊನೆಗೆ ಪೋಲೀಸರು ರೋರ್ಷಾಕನ ಮುಸುಕು ಕಿತ್ತಾಗ ಒಳಗಿನ ಮುಖ ಅವನದೇ. ನಾಲ್ಕು ಹೊತ್ತು ಬೀದಿಯಲ್ಲಿ ನಿಂತು ಅಂತ್ಯವನ್ನು ಸಾರುತ್ತಿದ್ದವನನ್ನು ಪಂಡಿತ ಕಾಣಲಿಲ್ಲ, ಬಟಾಣಿ ಸುಲಿಯುತ್ತಿದ್ದವಳು ಕಂಡಳು. ಅಲ್ಲಿಂದ ಮುಂದೆ ನಿಧಾನವಾಗಿ ಓದಿದೆ.

ನಿಧಾನವಾಗಿ ಓದಿದ್ದರಿಂದ ಬೀದಿಯ ಮೂಲೆಯ ಪತ್ರಿಕೆ ಅಂಗಡಿ ನನಗೆ ದಕ್ಕಿತು. ಅಂಗಡಿಯ ಮುದುಕ ಬಂದವರಿಗೆಲ್ಲ ಯುದ್ಧದ ವಿಚಾರ ಕೊರೆಯುವ ಮಾತಿನಮಲ್ಲ. ಅವನ ಕಾಲಬಳಿ ಒಬ್ಬ ಹುಡುಗ ಕಡಲ್ಗಳ್ಳರ ಚಿತ್ರಕಥೆಯೊಂದನ್ನು ಕಾಸು ಕೊಡದೆ ಓದುತ್ತ ಕೂತಿರುತ್ತಾನೆ. ಮುದುಕ ಗೊಣಗುತ್ತಾನೆ, ಓಡಿಸುವುದಿಲ್ಲ. ನಾನೂ ಅರಕಲಗೂಡಿನ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ 'ಚಂದಮಾಮ'ವನ್ನು ಹೀಗೆಯೇ ಓದಿದವನು. ಬೇತಾಳ ಮರಕ್ಕೆ ಹಾರುವುದರೊಳಗೆ ಬಸ್ಸು ಬರದಿರಲಿ ಎಂದು ದೇವರಿಗೆ ಹರಕೆ ಹೊತ್ತವನು. ಈ ಇಬ್ಬರಿಗೂ ಕಥೆಯ ಮುಖ್ಯ ಓಟಕ್ಕೂ ಏನೂ ಸಂಬಂಧವಿಲ್ಲ. ಅದಕ್ಕೇ ಅವರ ಮೇಲೆ ಅಷ್ಟು ವಿಶ್ವಾಸ ಬೆಳೆಯಿತು. ಬಹಳ ತಡವಾಗಿ ತಿಳಿಯುತ್ತದೆ, ಇಬ್ಬರ ಹೆಸರೂ ಒಂದೇ, ಬರ್ನಾರ್ಡ್ ಎಂದು.

ಇನ್ನು ಆ ಕೊನೆ. ಏಡ್ರಿಯನ್ ವೈಟ್ ಎಂಬವನು ಆ ಲೋಕದ ಅತಿ ಬುದ್ಧಿವಂತ. ಅವನೂ ಹಿಂದೊಮ್ಮೆ ವೇಷ ಕಟ್ಟಿದವನೇ. ಅಮೆರಿಕ-ರಷ್ಯಗಳು ಅಣುಯುದ್ಧಕ್ಕೆ ಹೊರಟು ನಿಂತಿವೆ. ಇಬ್ಬರಿಗೂ ಸಮಾನನಾದ ಶತ್ರುವೊಬ್ಬ ಬಂದರೆ ಮಾತ್ರ ಅವರು ಒಂದಾದಾರು ಎಂದು ಅವನ ಲೆಕ್ಕ. ವಿಜ್ಞಾನಿ, ಚಿತ್ರಕಾರ, ಲೇಖಕರನ್ನು ಗುಟ್ಟಾಗಿ ಒಂದು ದ್ವೀಪದಲ್ಲಿ ಕೂಡಿಹಾಕಿ ಅವರಿಂದ ಒಂದು ಘೋರಪ್ರಾಣಿಯನ್ನು ಮಾಡಿಸುತ್ತಾನೆ: ಒಂಟಿಕಣ್ಣು, ಬೀದಿಯುದ್ದದ ಬಾಹುಗಳು. ಕೆಲಸ ಮುಗಿದ ಮೇಲೆ ಮಾಡಿದವರನ್ನೂ ಮುಗಿಸುತ್ತಾನೆ. ಗುಟ್ಟು ತಿಳಿದದ್ದರಿಂದಲೇ ಬ್ಲೇಕ್ ಸತ್ತದ್ದು. ರೋರ್ಷಾಕ್ ಮತ್ತು ಅವನ ಗೆಳೆಯ ಅಂಟಾರ್ಕ್ಟಿಕದ ಹಿಮದಲ್ಲಿರುವ ಅವನ ಕೋಟೆಗೆ ತಡೆಯಲು ಧಾವಿಸುತ್ತಾರೆ. ವೈಟ್ ತನ್ನ ಯೋಜನೆಯನ್ನೆಲ್ಲ ಸಾವಧಾನವಾಗಿ ವಿವರಿಸುತ್ತಾನೆ. ಇದನ್ನು ನಡೆಸುವುದು ಯಾವಾಗ ಎಂದು ಕೇಳಿದರೆ, ಅರ್ಧ ಗಂಟೆಗೂ ಹಿಂದೆಯೇ ಆಗಿಹೋಯಿತು ಎನ್ನುತ್ತಾನೆ.

ಇಂಥ ಮಾತನ್ನು ನಾನು ಯಾವ ಕಥೆಯಲ್ಲೂ ಓದಿರಲಿಲ್ಲ. ಖಳನು ಮಾತಾಡಿ ಕಾಲ ಕಳೆಯಬೇಕು, ನಾಯಕನು ಅಷ್ಟರಲ್ಲಿ ಹಗ್ಗ ಬಿಚ್ಚಿಕೊಳ್ಳಬೇಕು, ಇದು ಡಾ. ರಾಜ್‌ಕುಮಾರರ ಚಿತ್ರಗಳನ್ನು ನೋಡಿ ಬೆಳೆದ ನಮಗೆ ಸಂವಿಧಾನವಿದ್ದಂತೆ. ಹನ್ನೊಂದನೆಯ ಸಂಚಿಕೆಯ ಕೊನೆಯ ಪುಟದಲ್ಲಿ ಪತ್ರಿಕೆಯ ಅಂಗಡಿ. ಬೆಳಕೊಂದು ಏರುತ್ತದೆ. ಮುದುಕ ಹುಡುಗನನ್ನು ತಬ್ಬಿಕೊಳ್ಳುತ್ತಾನೆ. ಇಬ್ಬರೂ ಕರಗಿ ಒಂದೇ ಆಕಾರವಾಗಿ, ಆಮೇಲೆ ಬರಿಯ ಬಿಳುಪು. ಮಾತಿಲ್ಲ. ನಾನು ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿ ಗಿಡಗಳಿಗೆ ನೀರು ಹಾಕಿಬಂದೆ. ಆ ದಿನ ಮಳೆ ಬಂದಿತ್ತು, ನೀರಿನ ಅಗತ್ಯವಿರಲಿಲ್ಲ.

ಹನ್ನೆರಡನೆಯ ಸಂಚಿಕೆ ಆರು ಇಡೀ ಪುಟಗಳ ಹೆಣಗಳಿಂದ ತೊಡಗುತ್ತದೆ. ಅಲ್ಲಿಂದ ಮುಂದೆಯೇ ನನ್ನ ತಕರಾರು. ವೈಟ್‌ನ ಲೆಕ್ಕ ಸರಿಯಾಗುತ್ತದೆ. ಅಮೆರಿಕ, ರಷ್ಯ ಎರಡೂ ಯುದ್ಧ ನಿಲ್ಲಿಸುತ್ತವೆ. ನಿಜ ಹೊರಬಿದ್ದರೆ ಮತ್ತೆ ಯುದ್ಧ. ಆದುದರಿಂದ ಎಲ್ಲರೂ ಬಾಯಿ ಮುಚ್ಚಿಕೊಂಡಿರಲು ಒಪ್ಪುತ್ತಾರೆ. ನೀಲಿ ದೇವರೂ ಒಪ್ಪುತ್ತಾನೆ. ಒಪ್ಪದವನು ರೋರ್ಷಾಕ್ ಒಬ್ಬ. ಅವನನ್ನು ಹಿಮದಲ್ಲಿ ನಿಲ್ಲಿಸಿ ನೀಲಿ ಮನುಷ್ಯನೇ ಬೂದಿ ಮಾಡುತ್ತಾನೆ. ಕೊಲೆಗಡುಕ ತನ್ನ ಕೋಟೆಯಲ್ಲಿ ಸುಖವಾಗಿದ್ದಾನೆ. ನಮ್ಮ ಬೇಲಿಯೇ ಹೊಲ ಮೇಯುವ ಗಾದೆಯಲ್ಲಿ ಹೊಲದವನಿಗೆ ದೂರುವುದಕ್ಕಾದರೂ ಬಾಯಿದೆ. ಇಲ್ಲಿ ಮೇಯ್ದ ಬೇಲಿಗೆ ಹೊಲವೇ ಕೈಮುಗಿಯುತ್ತದೆ. ಹೊರಡುವ ಮೊದಲು ರೋರ್ಷಾಕ್ ತನ್ನ ದಿನಚರಿಯನ್ನು ಒಂದು ಸಣ್ಣ ಪತ್ರಿಕೆಗೆ ಅಂಚೆಯಲ್ಲಿ ಕಳಿಸಿರುತ್ತಾನೆ. ಕೊನೆಯ ಪುಟ ಆ ಪತ್ರಿಕೆಯ ಕಚೇರಿ. ಪುಟ ತುಂಬಿಸಲು ಸಾಮಗ್ರಿಯಿಲ್ಲ. ಸಂಪಾದಕ ತನ್ನ ಪೆದ್ದು ಸಹಾಯಕನಿಗೆ, ತಲೆಕೆಟ್ಟವರ ಪತ್ರಗಳ ರಾಶಿಯಿಂದ ಏನಾದರೂ ಆರಿಸು ಎನ್ನುತ್ತಾನೆ. ರಾಶಿಯಲ್ಲಿ ದಿನಚರಿಯಿದೆ. ಹುಡುಗನ ಕೈ ಅದರತ್ತ ಚಾಚುತ್ತದೆ.

ಮುಗಿಯಿತು. ಕೈ ದಿನಚರಿಯನ್ನೆತ್ತಿತೋ ಇಲ್ಲವೋ ಹೇಳುವುದಿಲ್ಲ.

ಎರಡು ದಿನ ನಾನು ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ. ಆಕಾಶದಿಂದ ಜಲಚರವನ್ನು ಬೀಳಿಸಿ ಕಥೆಯನ್ನು ಬಗೆಹರಿಸುವುದೇ? ಹಳೆಯ ನಾಟಕಗಳಲ್ಲಿ ಸಿಕ್ಕು ಬಿಡಿಸಲು ದೇವರು ಇಳಿಯುತ್ತಿದ್ದ, ಇಲ್ಲಿ ದೆವ್ವ ಇಳಿದಿದೆ! ಈ ತಕರಾರು ನನ್ನೊಬ್ಬನದೇ ಅಲ್ಲ. ಆ ಪುಸ್ತಕದ ಸಂಪಾದಕರಾಗಿದ್ದ ಲೆನ್ ವೀನ್ ಅವರಿಗೇ ಈ ಮುಕ್ತಾಯ ಒಪ್ಪಿಗೆಯಾಗಿರಲಿಲ್ಲ; 1963ರಲ್ಲಿ ಅಮೆರಿಕದ ಟೆಲಿವಿಷನ್‌ನಲ್ಲಿ ಬಂದ 'ದಿ ಔಟರ್ ಲಿಮಿಟ್ಸ್' ಸರಣಿಯ ಒಂದು ಕಂತಿನಲ್ಲಿ ಇದೇ ಉಪಾಯವಿತ್ತೆಂಬುದು ಅವರ ಆಕ್ಷೇಪ. ಮೂರ್ ಬದಲಾಯಿಸಲಿಲ್ಲ. ಬದಲಿಗೆ ಕೊನೆಯ ಸಂಚಿಕೆಯಲ್ಲಿ ಒಂದು ಟೆಲಿವಿಷನ್ನಿನಿಂದ ಆ ಕಾರ್ಯಕ್ರಮದ ಹೆಸರನ್ನೇ ಹೇಳಿಸಿದರು. ಸಾಲ ಮಾಡಿದವನು ಸಾಲಗಾರನ ಹೆಸರನ್ನು ಬಾಗಿಲ ಮೇಲೆ ಬರೆಸಿಕೊಂಡಂತೆ. ನಮ್ಮ ಪ್ರಾಚೀನ ಕವಿಗಳಿಗೂ ಈ ಧೈರ್ಯವಿತ್ತು. ಪೂರ್ವಕವಿಗಳನ್ನು ನೆನೆಯದೆ ಅವರು ಕಾವ್ಯ ತೊಡಗುತ್ತಿರಲಿಲ್ಲ.

ಚರಿತ್ರೆ ಇನ್ನೂ ತಮಾಷೆ ಮಾಡಿದೆ. ಕೊನೆಯ ಸಂಚಿಕೆಯ ಮೇಲಿನ ತಾರೀಖು 1987ರ ಅಕ್ಟೋಬರ್. ಅದೇ ಸೆಪ್ಟೆಂಬರ್ 21ರಂದು, ಅದೇ ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮಾತಾಡುತ್ತ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್, ಹೊರಲೋಕದವರು ಯಾರಾದರೂ ಭೂಮಿಯ ಮೇಲೆ ಬಿದ್ದರೆ ನಮ್ಮ ಭೇದಗಳು ಎಷ್ಟು ಬೇಗ ಮಾಯವಾದಾವು ಎಂದು ತಮಗೆ ಆಗಾಗ ಅನ್ನಿಸುವುದುಂಟು ಎಂದರು. ಹೊರಲೋಕದವರಾರೂ ಬರಲಿಲ್ಲ. ಡಿಸೆಂಬರಿನಲ್ಲಿ ರೇಗನ್ನರೂ ಗೊರ್ಬಚೇವರೂ ಮೇಜಿನ ಮುಂದೆ ಕುಳಿತು ಮಧ್ಯಮದೂರದ ಕ್ಷಿಪಣಿಗಳನ್ನು ತೆಗೆದುಹಾಕುವ ಒಪ್ಪಂದಕ್ಕೆ ರುಜು ಹಾಕಿದರು. ಅಮೆರಿಕದ ಅಣುವಿಜ್ಞಾನಿಗಳ ಪತ್ರಿಕೆಯೊಂದು ಪ್ರಳಯಕ್ಕೆ ಎಷ್ಟು ಹೊತ್ತಿದೆಯೆಂದು 1947ರಿಂದ ಒಂದು ಗಡಿಯಾರದ ಚಿತ್ರದಲ್ಲಿ ತೋರಿಸುತ್ತ ಬಂದಿದೆ. ಈ ಚಿತ್ರಕಥೆಯಲ್ಲಿ ಸಂಚಿಕೆಗೊಂದು ನಿಮಿಷ ಮುಂದೆ ಸರಿಯುವುದೂ ಅಂಥ ಗಡಿಯಾರವೇ. ನಿಜವಾದ ಗಡಿಯಾರದಲ್ಲಿ 1984ರಲ್ಲಿ ನಡುರಾತ್ರಿಗೆ 3 ನಿಮಿಷ ಉಳಿದಿತ್ತು. 1988ರಲ್ಲಿ ಮುಳ್ಳನ್ನು ಹಿಂದಕ್ಕೆ ತಿರುಗಿಸಿ 6 ನಿಮಿಷಕ್ಕೆ ತಂದರು. ಅಂದಮೇಲೆ ಆ ಮುದುಕನೂ ಹುಡುಗನೂ ಏಕೆ ಸಾಯಬೇಕಾಗಿತ್ತು? ಕಥೆಯ ಪಾತ್ರಗಳಿಗಾಗಿ ಇಂಥ ಪ್ರಶ್ನೆ ಕೇಳಬಾರದೆಂದು ನಾನೇ ವಿಮರ್ಶೆಯ ಪಾಠದಲ್ಲಿ ಹೇಳುತ್ತೇನೆ. ಆದರೂ ಕೇಳಿದೆ.

ಪುಸ್ತಕ ಹಿಂದಿರುಗಿಸುವಾಗ ಆ ಹುಡುಗನನ್ನು ವಿಚಾರಿಸಿದೆ, ಮುಂದೇನಾಯಿತೆಂದು ಯಾರೂ ಹೇಳಲಿಲ್ಲವೇ ಎಂದು. ಅವನಿಗೆ ಎಲ್ಲವೂ ಬಾಯಿಪಾಠ. 2009ರ ಚಲನಚಿತ್ರದಲ್ಲಿ ಪ್ರಾಣಿಯನ್ನೇ ಬಿಟ್ಟು, ತಪ್ಪನ್ನು ನೀಲಿ ಮನುಷ್ಯನ ಮೇಲೆ ಹೊರಿಸಿದರಂತೆ. ಮೂರ್ ಆ ಚಿತ್ರಕ್ಕೆ ತಮ್ಮ ಹೆಸರನ್ನೇ ಹಾಕಗೊಡಲಿಲ್ಲ. 2017ರಿಂದ 2019ರವರೆಗೆ ಬೇರೆಯವರು 'ಡೂಮ್ಸ್‌ಡೇ ಕ್ಲಾಕ್' ಎಂದು ಇನ್ನೂ 12 ಸಂಚಿಕೆ ಬರೆದು ದಿನಚರಿಯನ್ನು ಬಯಲಿಗೆ ತಂದರು. 2019ರ ಟೆಲಿವಿಷನ್ ಸರಣಿಯ ಕೊನೆಯಲ್ಲಿ ವೈಟ್‌ನನ್ನು ಬಂಧಿಸಿಯೂ ಆಯಿತು. ತಿಮ್ಮಣ್ಣ ಕವಿಗಳಿಗೆ ಯಾವ ದೇಶದಲ್ಲೂ ಬರವಿಲ್ಲ. "ಸಮಾಧಾನ ಆಯ್ತೇನಪ್ಪಾ?" ಎಂದೆ. "ಇಲ್ಲ ಸಾರ್. ಅದೇ ಇನ್ನೂ ಬೇಜಾರು" ಎಂದ. ಪುಸ್ತಕವನ್ನು ಇನ್ನೊಂದು ವಾರ ಇಟ್ಟುಕೊಳ್ಳುತ್ತೇನೆಂದು ಮನೆಗೆ ವಾಪಸು ತಂದೆ.

ಈ ವಿಷಯದಲ್ಲಿ ನಮ್ಮ ಅಮ್ಮನ ದಾರಿ ಬೇರೆ. ನಾನು ಚಿಕ್ಕವನಾಗಿದ್ದಾಗ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದಳು. ಒಂದು ಕಾದಂಬರಿಗೆ ಕೊನೆಯ ಕಂತೇ ಇರಲಿಲ್ಲ. ಆ ವಾರ ಮಳೆಗೆ ಸೇತುವೆ ಮುಳುಗಿ ನಮ್ಮೂರಿಗೆ ಬಸ್ಸು ಬರಲಿಲ್ಲ. ಅಮ್ಮ ಕೊನೆಯನ್ನು ತಾನೇ ಕಟ್ಟಿ, ಗಂಡನನ್ನು ಬಿಟ್ಟುಬಂದ ನಾಯಕಿಯನ್ನು ಶಿಕ್ಷಕಿಯನ್ನಾಗಿ ಮಾಡಿ, ಅಕ್ಕಪಕ್ಕದವರಿಗೆಲ್ಲ ಹೇಳಿದ್ದಳು. ಎಷ್ಟೋ ವರ್ಷದ ಮೇಲೆ ಆ ಕಾದಂಬರಿ ನನಗೆ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕಿತು. ನಾಯಕಿ ಬಾವಿಗೆ ಹಾರಿದ್ದಳು. ಬಂದು ಹೇಳಿದರೆ ಅಮ್ಮ, "ಅದು ಬರೆದವರ ತಪ್ಪು ಕಣೋ" ಎಂದುಬಿಟ್ಟಳು.

ಎರಡನೆಯ ಓದಿನಲ್ಲಿ ಮೂರ್ ಮಹಾಶಯರ ಮೇಲಿನ ನನ್ನ ಮೊದಲ ಆಪಾದನೆ ಬಿದ್ದುಹೋಯಿತು. ಆ ಪ್ರಾಣಿ ಆಕಾಶದಿಂದ ಸುಮ್ಮನೆ ಉದುರಿದ್ದಲ್ಲ. ಕಾಣೆಯಾದ ಲೇಖಕ, ಕಾಣೆಯಾದ ಚಿತ್ರಕಾರ್ತಿ, ದ್ವೀಪ, ಎಲ್ಲವೂ ಮೊದಲಿನಿಂದ ಅಲ್ಲಲ್ಲಿ ಚೆಲ್ಲಿವೆ. ಫಲಕ ಹಿಡಿದವನ ಹಾಗೆಯೇ ನನ್ನ ಕಣ್ಣು ತಪ್ಪಿಸಿಕೊಂಡಿದ್ದವು. ಮೊದಲು ಅವಸರದಲ್ಲಿ ಹಾರಿಸಿದ್ದ ಎರಡು ಪುಟವೂ ಸಿಕ್ಕಿತು. ಅದು ಕೊನೆಯ ಸಂಚಿಕೆಯಲ್ಲೇ, ಪತ್ರಿಕಾ ಕಚೇರಿಗೆ ಸ್ವಲ್ಪ ಮೊದಲು. ವೇಷಧಾರಿಗಳಲ್ಲಿ ಒಬ್ಬಳಾದ ಲೋರಿ, ವೃದ್ಧಾಶ್ರಮದಲ್ಲಿರುವ ತಾಯಿ ಸ್ಯಾಲಿಯನ್ನು ನೋಡಲು ಬರುತ್ತಾಳೆ. ತಾನು ಹುಟ್ಟಿದಾಗಿನಿಂದ ದ್ವೇಷಿಸಿದ ಬ್ಲೇಕನೇ ತನ್ನ ತಂದೆಯೆಂಬುದು ಅವಳಿಗೆ ಈಗ ತಿಳಿದಿದೆ, ತಾಯಿ ಮುಚ್ಚಿಟ್ಟಿದ್ದಳು. ಮಗಳು, ನನಗೆ ಗೊತ್ತಾಯಿತು ಎನ್ನುತ್ತಾಳೆ. ತಾಯಿ ಏನೇನೋ ವಿವರಿಸಹೊರಡುತ್ತಾಳೆ, ಮಗಳು ಬೇಡವೆನ್ನುತ್ತಾಳೆ. ಅಷ್ಟೇ. ಲೋಕಕ್ಕೆಲ್ಲ ಹೇಳಿದ ಅಷ್ಟು ದೊಡ್ಡ ಸುಳ್ಳಿಗೆ ಬೀಗ ಹಾಕಿ ಬಂದವಳು, ಅದೇ ಬಾಯಿಂದ, ಮನೆಯ ಸುಳ್ಳಿನ ಗಂಟನ್ನು ಎರಡು ಮಾತಿನಲ್ಲಿ ಬಿಚ್ಚುತ್ತಾಳೆ.

ಇದನ್ನು ಓದಿದಾಗ ಅಮ್ಮ ಪಕ್ಕದ ಕೋಣೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದಳು.

ಹಳ್ಳಿಯ ಮನೆಯನ್ನು ಅಪ್ಪ 2011ರಲ್ಲಿ ಮಾರಿದರು. ಅವರ ಶಸ್ತ್ರಚಿಕಿತ್ಸೆಗೆ ದುಡ್ಡು ಬೇಕಾಗಿತ್ತು. ಮನೆ ಅವರ ಹೆಸರಿನಲ್ಲೇ ಇತ್ತು; ಓಡಾಡಿದವನು ನಾನು. ಉಪನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಕೂತು, "ನಿಮ್ಮಮ್ಮನಿಗೆ ಹೇಳಬೇಡ. ಬಾಡಿಗೆಗೆ ಕೊಟ್ಟಿದೀವಿ ಅನ್ನು" ಎಂದರು. ಮುಂದಿನ ವರ್ಷ ಹೋಗಿಬಿಟ್ಟರು. ಅಂದಿನಿಂದ ತಿಂಗಳ ಮೊದಲ ವಾರ ನಾನು ಅಮ್ಮನ ಕೈಗೆ 1,200 ರೂಪಾಯಿ 'ಬಾಡಿಗೆ' ಕೊಡುತ್ತ ಬಂದೆ. ಅವಳು ಅದನ್ನು ಹಾರ್ಲಿಕ್ಸ್ ಸೀಸೆಯಲ್ಲಿ ಹಾಕಿಟ್ಟು ಮೊಮ್ಮಗಳ ಹುಟ್ಟುಹಬ್ಬಕ್ಕೆ ಖರ್ಚು ಮಾಡುತ್ತಾಳೆ. ಒಮ್ಮೆ, "ಇಷ್ಟು ವರ್ಷವಾದರೂ ಬಾಡಿಗೆ ಏರಿಸಲಿಲ್ಲವೇನೋ? ಮೇಷ್ಟ್ರಾಗಿ ವ್ಯವಹಾರ ತಿಳಿಯಲ್ಲ ನಿನಗೆ" ಎಂದಳು. ಮರುತಿಂಗಳಿಂದ ನನಗೆ ನಾನೇ 300 ರೂಪಾಯಿ ಏರಿಸಿಕೊಂಡೆ. ಕೊಂಡವರು 2016ರಲ್ಲಿ ಮನೆ ಕೆಡವಿ ಅಂಗಡಿಸಾಲು ಕಟ್ಟಿದ್ದಾರೆ. ಅಂಗಳದ ಸಂಪಿಗೆ ಹೂ ಬಿಟ್ಟಿದೆಯೇ ಎಂದು ಅವಳು ವೈಶಾಖದಲ್ಲಿ ಕೇಳುತ್ತಾಳೆ. ಬಿಟ್ಟಿದೆ ಎನ್ನುತ್ತೇನೆ.

ವೈಟ್‌ನ ಹಾಗೆ ನಾನು ಯಾರನ್ನೂ ಕೊಂದಿಲ್ಲ. ಆದರೂ ಆ ಹಿಮದ ಕೋಟೆಯಲ್ಲಿ ಕೈಕಟ್ಟಿ ನಿಂತು ತಲೆಯಾಡಿಸಿದವರ ಮೇಲೆ ಎರಡು ದಿನ ಅಷ್ಟೊಂದು ರೇಗಲು ನನಗೇನು ಹಕ್ಕಿತ್ತೋ ತಿಳಿಯದು.

ನನ್ನಾಕೆಯ ಅಭಿಪ್ರಾಯ: "ಅತ್ತೆಗೆ ಎಲ್ಲಾ ಗೊತ್ತಿದೆ ಕಣ್ರೀ." ಸಾಧ್ಯವಿಲ್ಲವೆನ್ನುತ್ತೇನೆ ನಾನು. ಆದರೆ ಹೋದ ದೀಪಾವಳಿಯಲ್ಲಿ ಸೀಸೆಗೆ ನೋಟು ಹಾಕುತ್ತ ಅಮ್ಮ, "ಬಾಡಿಗೆಯವನು ಪಾಪ ಒಳ್ಳೆಯವನು ಕಣೋ. ಇಷ್ಟು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಲಿಲ್ಲ" ಎಂದು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಬೇತಾಳನಾದರೆ ಉತ್ತರ ತಿಳಿದೂ ಹೇಳದಿದ್ದರೆ ತಲೆ ಸಾವಿರ ಹೋಳಾದೀತೆಂದು ಹೆದರಿಸುತ್ತಾನೆ. ಅಮ್ಮ ಹೆದರಿಸುವವಳಲ್ಲ, ಸೀಸೆಯ ಮುಚ್ಚಳ ತಿರುಗಿಸಿ ಒಳಗೆ ಹೋದಳು.

ಇಷ್ಟನ್ನು ಬರೆದಾದ ಮೇಲೆ ಹೊಳೆಯಿತು, ರೋರ್ಷಾಕನೂ ಬರೆದದ್ದನ್ನು ಪತ್ರಿಕೆಗೇ ಕಳಿಸಿದ್ದನೆಂದು. ನಮ್ಮ ಮನೆಯಲ್ಲಿ ಭಾನುವಾರದ ಪುರವಣಿ ಮೊದಲು ಅಮ್ಮನ ಕೈಗೇ ಹೋಗುತ್ತದೆ. ಕಾಫಿ ಕುಡಿದು, ಕನ್ನಡಕ ಒರೆಸಿಕೊಂಡು, ಕಡೆಯ ಪುಟದಿಂದ ಮುಂದಕ್ಕೆ ಓದುತ್ತಾಳೆ. ಪದಬಂಧ ಮೊದಲು, ಕಥೆ ಆಮೇಲೆ, ಪ್ರಬಂಧ ಕೊನೆಗೆ. ಮಗ ಬರೆದದ್ದಿದ್ದರೆ ಕತ್ತರಿಸಿ ಇಡುತ್ತಾಳೆ. ಪುಟ ತುಂಬಿಸಲು ಸಂಪಾದಕರಿಗೆ ಸಾಮಗ್ರಿ ಕೊರತೆಯಿದೆಯೋ ಇಲ್ಲವೋ ನಾನರಿಯೆ.

ಈ ತಿಂಗಳ ಬಾಡಿಗೆ ಇನ್ನೂ ಕೊಟ್ಟಿಲ್ಲ.